ವಾರ

ವಾರ: ಏಳು ದಿನಗಳ ಒಂದು ಸುತ್ತು; ಆ ಸುತ್ತಿನ ಒಂದೊಂದು ದಿನಕ್ಕಿರುವ ಹೆಸರು; ಪಂಚಾಂಗದ ಐದು ಅಂಗಗಳಲ್ಲಿ ತಿಥಿಯ ನಂತರ ಬರುವ ಎರಡನೆಯ ಅಂಗ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಸರದಿ, ಪಾಳಿ, ಸಲ ಎಂಬ ಅರ್ಥಗಳಿವೆ. ‘ವಾರಂವಾರ’ ಎಂದರೆ ಮತ್ತೆ ಮತ್ತೆ. ಕನ್ನಡದ ‘ಬಾರಿ’ಯನ್ನೂ ಇದರ ತದ್ಭವವೆಂದು ಎಣಿಸುವುದುಂಟು. ದಿನದ ಒಡೆತನ ಏಳು ಗ್ರಹಗಳಿಗೆ ಸರದಿಯಂತೆ ಬರುತ್ತದೆ ಎಂದು ಜ್ಯೋತಿಷಿಗಳು ನಂಬಿದ್ದರಿಂದ ಸೋಮನ ಪಾಳಿಯ ದಿನ ಸೋಮವಾರವಾಯಿತು, ಬುಧನ ಪಾಳಿಯದು ಬುಧವಾರವಾಯಿತು. ಏಳೂ ಪಾಳಿ ಮುಗಿದ ಇಡೀ ಸುತ್ತಿಗೂ ಕನ್ನಡ ಅದೇ ಹೆಸರನ್ನು ಇಟ್ಟುಕೊಂಡಿತು.

ಎಲ್ಲ ಭಾಷೆಗಳೂ ಹೀಗೆ ಮಾಡಲಿಲ್ಲ. ಹಿಂದಿಯಲ್ಲಿ ‘ವಾರ್’ ಎಂದರೆ ದಿನದ ಹೆಸರಿಗೆ ಅಂಟುವ ಪದ ಮಾತ್ರ. ಏಳು ದಿನದ ಅವಧಿಗೆ ಅಲ್ಲಿ ಹಫ್ತಾ ಅಥವಾ ಸಪ್ತಾಹ್ ಬೇಕು. ಮರಾಠಿಗೆ ಅದು ‘ಆಠವಡಾ’. ತಮಿಳಿನಲ್ಲಿ ತಿರುವುಮುರುವು: ‘ವಾರಂ’ ಏಳು ದಿನದ ಅವಧಿ, ದಿನದ ಹೆಸರಿಗೆ ‘ಕಿಳಮೈ’. ಕನ್ನಡ, ತೆಲುಗುಗಳಲ್ಲಿ ಎರಡು ಕೆಲಸವನ್ನೂ ಒಂದೇ ಪದ ಮಾಡುತ್ತದೆ. ‘ಈ ವಾರ ಸಂತೆ ಯಾವ ವಾರ?’ ಎಂದು ಕೇಳಿದರೆ ಕನ್ನಡಿಗರಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಮೊದಲನೆಯದು ಅವಧಿ, ಎರಡನೆಯದು ದಿನ ಎಂದು ಕಿವಿಯೇ ಬೇರ್ಪಡಿಸಿಕೊಳ್ಳುತ್ತದೆ.

ಆಕಾಶದಲ್ಲಿಲ್ಲದ ಅಳತೆ

ಪಂಚಾಂಗದ ಉಳಿದ ನಾಲ್ಕು ಅಂಗಗಳಾದ ತಿಥಿ, ನಕ್ಷತ್ರ, ಯೋಗ, ಕರಣಗಳು ಸೂರ್ಯಚಂದ್ರರ ಸ್ಥಾನದಿಂದ ಹುಟ್ಟುತ್ತವೆ. ಚಂದ್ರ ಸೂರ್ಯನಿಂದ 12 ಅಂಶ ಮುಂದೆ ಸರಿದರೆ ಒಂದು ತಿಥಿ ಕಳೆಯಿತು. ಚಂದ್ರನ ವೇಗ ಏರಿಳಿಯುವುದರಿಂದ ತಿಥಿ ಕೆಲವೊಮ್ಮೆ ಸೂರ್ಯೋದಯವನ್ನೇ ಮುಟ್ಟದೆ ಕ್ಷಯವಾಗುತ್ತದೆ, ಕೆಲವೊಮ್ಮೆ ಎರಡು ಸೂರ್ಯೋದಯಗಳನ್ನು ಆವರಿಸಿ ವೃದ್ಧಿಯಾಗುತ್ತದೆ. ವಾರಕ್ಕೆ ಕ್ಷಯವೂ ಇಲ್ಲ, ವೃದ್ಧಿಯೂ ಇಲ್ಲ. ಒಂದು ಸೂರ್ಯೋದಯದಿಂದ ಮತ್ತೊಂದರವರೆಗೆ ಒಂದು ವಾರ, ಅಷ್ಟೆ. ಮಂಗಳವಾರ ನಸುಕಿನ ನಾಲ್ಕು ಗಂಟೆಗೆ ಹುಟ್ಟಿದ ಮಗು ಆಸ್ಪತ್ರೆಯ ದಾಖಲೆಯಲ್ಲಿ ಮಂಗಳವಾರದ್ದು, ಜಾತಕದಲ್ಲಿ ಸೋಮವಾರದ್ದು ಆಗುವುದು ಈ ಕಾರಣಕ್ಕೆ.

ದಿನ, ತಿಂಗಳು, ವರ್ಷಗಳಿಗೆ ಆಕಾಶದಲ್ಲಿ ಆಧಾರವಿದೆ. ಏಳು ದಿನಕ್ಕೆ ಅಂಥದ್ದೇನೂ ಇಲ್ಲ. ಚಂದ್ರನ ಕಲೆಗಳ ಕಾಲುಭಾಗವೇ ವಾರ ಎಂದು ಹೇಳುವವರಿದ್ದಾರೆ. ಆದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ, ಅದರ ಕಾಲುಭಾಗ ಸುಮಾರು 7.38 ದಿನ. ಎರಡು ತಿಂಗಳು ಕಳೆಯುವಷ್ಟರಲ್ಲಿ ವಾರವೂ ಚಂದ್ರನೂ ಮೂರು ದಿನ ಬೇರೆಯಾಗಿರುತ್ತಾರೆ. ಏಳು ಎಂಬ ಸಂಖ್ಯೆ ಬಂದದ್ದು ಬರಿಗಣ್ಣಿಗೆ ಕಾಣುವ ಚಲಿಸುವ ಜ್ಯೋತಿಗಳಿಂದ: ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ. ಯಹೂದಿಗಳ ಏಳು ದಿನದ ಸುತ್ತು ಮತ್ತು ಸಬ್ಬತ್ ವಿಶ್ರಾಂತಿ ಇದಕ್ಕಿಂತ ಹಳೆಯವು, ಅಲ್ಲಿ ದಿನಗಳಿಗೆ ಗ್ರಹಗಳ ಹೆಸರಿಲ್ಲ, ಕ್ರಮಸಂಖ್ಯೆ ಇದೆ. ಈ ಎರಡು ಏಳುಗಳು ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಒಂದರ ಮೇಲೊಂದು ಕೂತವು. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪಾಂಪೇಯಿ ನಗರದ ಗೋಡೆಬರಹಗಳಲ್ಲಿ ಗ್ರಹಗಳ ಹೆಸರಿನ ದಿನಗಳು ಸಿಕ್ಕಿವೆ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಸೂರ್ಯನ ದಿನವನ್ನು ವಿಶ್ರಾಂತಿಯ ದಿನವೆಂದು ಘೋಷಿಸಿದ.

ಏಳೇ ಏಕೆ ಎಂಬ ಪ್ರಶ್ನೆ ವ್ಯರ್ಥವಲ್ಲ, ಏಕೆಂದರೆ ಬೇರೆ ಸಂಖ್ಯೆಗಳೂ ಬಳಕೆಯಲ್ಲಿದ್ದವು. ರೋಮನ್ನರ ಹಳೆಯ ಸಂತೆಯ ಸುತ್ತು ಎಂಟು ದಿನದ್ದು. ಪ್ರಾಚೀನ ಈಜಿಪ್ಟಿನಲ್ಲಿ ತಿಂಗಳನ್ನು ಹತ್ತು ಹತ್ತು ದಿನಗಳಾಗಿ ಒಡೆಯುತ್ತಿದ್ದರು. ಜಾವಾದಲ್ಲಿ ಐದು ದಿನದ ಪೇಟೆಯ ಸುತ್ತು ಇಂದಿಗೂ ಇದೆ. ಅದು ಏಳರ ಸುತ್ತಿನೊಂದಿಗೆ ಹೆಣೆದುಕೊಂಡು 35 ದಿನಗಳ ಒಂದು ದೊಡ್ಡ ಸುತ್ತಾಗುತ್ತದೆ. ನಮ್ಮ ವೈದಿಕ ಯಜ್ಞಗಳಲ್ಲಿ ‘ಷಡಹ’ ಎಂಬ ಆರು ದಿನಗಳ ಘಟಕವಿತ್ತು. ಏಳನ್ನು ಕಾಯಿದೆಯಿಂದ ಕಿತ್ತುಹಾಕುವ ಪ್ರಯತ್ನಗಳೂ ನಡೆದವು. ಕ್ರಾಂತಿಯ ನಂತರದ ಫ್ರಾನ್ಸು 1793ರಲ್ಲಿ ಹತ್ತು ದಿನದ ಸುತ್ತನ್ನು ಜಾರಿಗೆ ತಂದಿತು. ದುಡಿಯುವವನಿಗೆ ಏಳು ದಿನಕ್ಕೊಮ್ಮೆ ಸಿಗುತ್ತಿದ್ದ ಬಿಡುವು ಹತ್ತು ದಿನಕ್ಕೆ ಹೋಯಿತು, ಜನ ಒಪ್ಪಲಿಲ್ಲ. ಸೋವಿಯತ್ ಒಕ್ಕೂಟ 1929ರಲ್ಲಿ ಐದು ದಿನದ ಸುತ್ತು ತಂದು, ಕಾರ್ಮಿಕರನ್ನು ಐದು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ದಿನ ರಜೆ ಕೊಟ್ಟಿತು. ಯಂತ್ರಗಳು ನಿಲ್ಲಲಿಲ್ಲ, ನಿಜ. ಗಂಡನ ರಜೆಯ ದಿನ ಹೆಂಡತಿಗೆ ಕೆಲಸ, ಹೆಂಡತಿಯ ರಜೆಯ ದಿನ ಗಂಡನಿಗೆ. ಆಮೇಲೆ ಆರು ದಿನದ ಸುತ್ತು ಬಂತು, 1940ರಲ್ಲಿ ಏಳೇ ಮರಳಿತು.

ಏಳರ ಕ್ರಮ

ಶನಿಯಾದ ಮೇಲೆ ರವಿ, ರವಿಯಾದ ಮೇಲೆ ಸೋಮ, ಆಮೇಲೆ ಮಂಗಳ. ಈ ಕ್ರಮಕ್ಕೂ ಗ್ರಹಗಳ ದೂರಕ್ಕೂ ಮೇಲ್ನೋಟಕ್ಕೆ ಹೊಂದಿಕೆ ಕಾಣುವುದಿಲ್ಲ. ಹೊಂದಿಕೆ ಇರುವುದು ‘ಹೋರಾ’ ಲೆಕ್ಕದಲ್ಲಿ. ಹಿಂದಿನವರು ಗ್ರಹಗಳನ್ನು ನಿಧಾನದಿಂದ ವೇಗಕ್ಕೆ ಜೋಡಿಸಿದ್ದರು: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನದ 24 ಹೋರೆಗಳಿಗೆ ಈ ಏಳು ಗ್ರಹಗಳು ಸರದಿಯಲ್ಲಿ ಒಡೆಯರು. ಮೊದಲ ಹೋರೆಯ ಒಡೆಯನೇ ಆ ದಿನದ ಒಡೆಯ. ಶನಿಯಿಂದ ಶುರುಮಾಡಿದರೆ ಮೂರು ಸುತ್ತಿಗೆ 21 ಹೋರೆ ಕಳೆಯುತ್ತವೆ. 22ನೆಯದು ಮತ್ತೆ ಶನಿ, 23 ಗುರು, 24 ಕುಜ. ಮರುದಿನದ ಮೊದಲ ಹೋರೆ ರವಿಯದು. ಹಾಗಾಗಿ ಶನಿವಾರದ ನಂತರ ಭಾನುವಾರ. ಕ್ರಿ.ಶ. 499ರ ‘ಆರ್ಯಭಟೀಯ’ದ ಕಾಲಕ್ರಿಯಾಪಾದದಲ್ಲಿ ಆರ್ಯಭಟ ಇದನ್ನು ಚುಟುಕಾಗಿ ಹೇಳಿದ್ದಾನೆ: ಶನಿಯಿಂದ ಮೊದಲಾದ ಕ್ರಮದಲ್ಲಿ ನಾಲ್ಕುನಾಲ್ಕನೆಯವರು ದಿನಾಧಿಪತಿಗಳು, ದಿನ ಸೂರ್ಯೋದಯದಿಂದ. ರೋಮನ್ ಇತಿಹಾಸಕಾರ ಡಿಯೊ ಕ್ಯಾಸಿಯಸ್ ಅದಕ್ಕೂ ಮೊದಲೇ ಇದೇ ವಿವರಣೆ ಕೊಟ್ಟಿದ್ದ.

‘ಹೋರಾ’ ಶಬ್ದ ಗ್ರೀಕ್ ಮೂಲದ್ದು. ‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಕಳೆದರೆ ‘ಹೋರಾ’ ಉಳಿಯುತ್ತದೆ ಎಂಬ ಒಂದು ಅಭಿಪ್ರಾಯವನ್ನು ವರಾಹಮಿಹಿರ ಉಲ್ಲೇಖಿಸುತ್ತಾನೆ. ಜಾಣ ವಿವರಣೆ, ಆದರೆ ಇತಿಹಾಸ ಅದರ ಪರ ಇಲ್ಲ. ಗ್ರಹಗಳ ಹೆಸರಿನ ವಾರ ಗ್ರೀಕೋ-ರೋಮನ್ ಜ್ಯೋತಿಷದೊಂದಿಗೆ ಭಾರತಕ್ಕೆ ಬಂದದ್ದು. ಇಲ್ಲಿಂದ ಮುಂದೆ ಪೂರ್ವಕ್ಕೂ ಹೋಯಿತು. ಎಂಟನೆಯ ಶತಮಾನದಲ್ಲಿ ಚೀನಾದಲ್ಲಿದ್ದ ಬೌದ್ಧ ಆಚಾರ್ಯ ಅಮೋಘವಜ್ರನ ಜ್ಯೋತಿಷ ಗ್ರಂಥದ ಮೂಲಕ ಅದು ಜಪಾನಿಗೆ ತಲುಪಿತು. ಜಪಾನೀಯರು ಇಂದಿಗೂ ದಿನಗಳನ್ನು ಸೂರ್ಯ, ಚಂದ್ರ, ಬೆಂಕಿ, ನೀರು, ಮರ, ಲೋಹ, ಮಣ್ಣು ಎಂದು ಕರೆಯುತ್ತಾರೆ; ಇವುಗಳಲ್ಲಿ ಕೊನೆಯ ಐದು ಅವರ ಭಾಷೆಯಲ್ಲಿ ಕುಜ, ಬುಧ, ಗುರು, ಶುಕ್ರ, ಶನಿಗಳ ಹೆಸರುಗಳೂ ಹೌದು. ಇಂಗ್ಲಿಷಿನವರು ಕುಜ, ಬುಧ, ಗುರು, ಶುಕ್ರರ ಜಾಗದಲ್ಲಿ ತಮ್ಮ ಹಳೆಯ ದೇವತೆಗಳಾದ ಟಿಯು, ವೋಡನ್, ಥಾರ್, ಫ್ರಿಗ್‌ರನ್ನು ಕೂರಿಸಿದರು. ಹೆಸರು ಬದಲಾಯಿತು, ಕ್ರಮ ಬದಲಾಗಲಿಲ್ಲ. ಲಂಡನ್ನಿನಲ್ಲಿ ಬುಧನ ದಿನವಾದದ್ದು ಲಕ್ಕುಂಡಿಯಲ್ಲೂ ಕ್ಯೋಟೋದಲ್ಲೂ ಬುಧನ ದಿನವೇ.

ಶಾಸನಗಳಲ್ಲಿ ವಾರ

ವೇದಾಂಗ ಜ್ಯೋತಿಷದಲ್ಲಿ ವಾರವಿಲ್ಲ. ಅಶೋಕನ ಶಾಸನಗಳಲ್ಲಿ ಪುಷ್ಯ, ಪುನರ್ವಸು ನಕ್ಷತ್ರಗಳ ದಿನಗಳು ಬರುತ್ತವೆ, ವಾರ ಬರುವುದಿಲ್ಲ. ಭಾರತದ ಶಾಸನಗಳಲ್ಲಿ ವಾರ ಕಾಣಿಸುವ ಅತಿ ಹಳೆಯ ಖಚಿತ ದಾಖಲೆ ಮಧ್ಯಪ್ರದೇಶದ ಏರಣದ ಕಂಬದ ಮೇಲಿದೆ. ಬುಧಗುಪ್ತನ ಕಾಲದ ಅದರಲ್ಲಿ ಗುಪ್ತ ಸಂವತ್ 165, ಆಷಾಢ ಶುಕ್ಲ ದ್ವಾದಶಿ, ‘ಸುರಗುರು’ವಿನ ದಿವಸ ಎಂದಿದೆ. ಸುರಗುರು ಎಂದರೆ ಬೃಹಸ್ಪತಿ. ಗುಪ್ತ ಶಕೆ ಯಾವ ವರ್ಷ ಶುರುವಾಯಿತೆಂಬ ವಾದ 19ನೆಯ ಶತಮಾನದಲ್ಲಿ ದಶಕಗಳ ಕಾಲ ನಡೆಯಿತು. ಒಂದೊಂದು ವಾದಕ್ಕೂ ಒಂದೊಂದು ವರ್ಷ, ಆ ಒಂದೊಂದು ವರ್ಷದಲ್ಲೂ ಆಷಾಢ ದ್ವಾದಶಿ ಬೇರೆ ಬೇರೆ ವಾರ. ಶಂಕರ ಬಾಲಕೃಷ್ಣ ದೀಕ್ಷಿತರ ಗಣಿತದ ನೆರವಿನಿಂದ ಜೆ. ಎಫ್. ಫ್ಲೀಟ್ ಅದನ್ನು 484ರ ಜೂನ್ 21, ಗುರುವಾರ ಎಂದು ತೋರಿಸಿದ. ಗುಪ್ತ ಶಕೆಯ ಆರಂಭವನ್ನು ನೆಲೆಗೊಳಿಸಿದ ಸಾಕ್ಷಿಗಳಲ್ಲಿ ಈ ಒಂದು ಪದವೂ ಸೇರಿತು.

ಕನ್ನಡ ನಾಡಿನ ಆರಂಭದ ಶಾಸನಗಳು ವಾರದ ಗೊಡವೆಗೆ ಹೋಗಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನ ಶಕ 500ರ ಮಹಾಕಾರ್ತಿಕ ಪೌರ್ಣಮಿ ಎಂದು ಹೇಳಿ ಸುಮ್ಮನಾಗುತ್ತದೆ, ಅದು ಕ್ರಿ.ಶ. 578. ರವಿಕೀರ್ತಿಯ ಐಹೊಳೆ ಶಾಸನ ಭಾರತಯುದ್ಧದಿಂದ 3735 ವರ್ಷ, ಶಕ 556 ಎಂದು ಎರಡು ಲೆಕ್ಕದಲ್ಲಿ ವರ್ಷ ಕೊಡುತ್ತದೆ, ದಿನವನ್ನು ಕೊಡುವುದಿಲ್ಲ. ರಾಷ್ಟ್ರಕೂಟರ ಕಾಲಕ್ಕೆ ಚಿತ್ರ ಬದಲಾಗಿದೆ. ಅಮೋಘವರ್ಷ ನೃಪತುಂಗನ ಶಿರೂರು ಮತ್ತು ನೀಲಗುಂದ ಶಾಸನಗಳಲ್ಲಿ ಶಕ 788, ವ್ಯಯ ಸಂವತ್ಸರ, ಜ್ಯೇಷ್ಠ ಅಮಾವಾಸ್ಯೆ, ಆದಿತ್ಯವಾರ, ಸೂರ್ಯಗ್ರಹಣ ಎಲ್ಲವೂ ಇವೆ. ಲೆಕ್ಕ ಹಾಕಿದರೆ 866ರ ಜೂನ್ 16 ಭಾನುವಾರವೇ, ಅಂದು ಸೂರ್ಯಗ್ರಹಣವೂ ಆಗಿತ್ತು. ಆಕಾಶವೂ ಆಕಾಶಕ್ಕೆ ಸಂಬಂಧವಿಲ್ಲದ ವಾರವೂ ಒಂದೇ ದಿನವನ್ನು ತೋರಿಸಿದರೆ ಇತಿಹಾಸಕಾರನಿಗೆ ಇನ್ನೇನು ಬೇಕು?

ಕಲ್ಯಾಣದ ಚಾಲುಕ್ಯರು, ಹೊಯ್ಸಳರ ಹೊತ್ತಿಗೆ ವಾರವಿಲ್ಲದ ದಾನಶಾಸನವೇ ಅಪರೂಪ. ಈ ಶಾಸನಗಳಲ್ಲಿ ‘ವಡ್ಡವಾರ’ ಎಂಬ ಒಂದು ದಿನ ಬರುತ್ತದೆ. ಇಂದಿನ ಬಳಕೆಯಲ್ಲಿ ಆ ಹೆಸರಿಲ್ಲ. ತಿಥಿಗಳನ್ನು ಗಣಿತಕ್ಕೆ ಹಚ್ಚಿ ನೋಡಿದ ಶಾಸನತಜ್ಞರು ಅದು ಶನಿವಾರ ಎಂಬ ಅಭಿಪ್ರಾಯಕ್ಕೆ ಬಂದಿದ್ದಾರೆ. ಪಂಡಿತರು ಶಬ್ದದ ವ್ಯುತ್ಪತ್ತಿಯನ್ನು ಎಷ್ಟು ಎಳೆದಾಡಿದರೂ ಬಗೆಹರಿಯದಿದ್ದದ್ದು ಭಾಗಾಕಾರದಿಂದ ಬಗೆಹರಿಯಿತು.

ಈ ಭಾಗಾಕಾರ ಸರಳ. ಸಿದ್ಧಾಂತ ಗ್ರಂಥಗಳಲ್ಲಿ ಕಲಿಯುಗದ ಆರಂಭ ಕ್ರಿ.ಪೂ. 3102ರ ಫೆಬ್ರವರಿ 18, ಶುಕ್ರವಾರ. ಅಲ್ಲಿಂದ ಕಳೆದ ದಿನಗಳ ಮೊತ್ತ ‘ಅಹರ್ಗಣ’. ಅದನ್ನು ಏಳರಿಂದ ಭಾಗಿಸಿ ಉಳಿದ ಶೇಷವನ್ನು ಶುಕ್ರವಾರದಿಂದ ಎಣಿಸಿದರೆ ವಾರ ಸಿಗಬೇಕು. ಸಿಗದಿದ್ದರೆ ಅಹರ್ಗಣದಲ್ಲಿ ಎಲ್ಲೋ ಒಂದು ದಿನ ತಪ್ಪಿದೆ ಎಂದು ಪಂಚಾಂಗಕರ್ತ ಮತ್ತೆ ಕೂಡಲು ಕೂರುತ್ತಿದ್ದ. ಇಂದಿನ ಸಂಶೋಧಕರಿಗೆ 1922ರಲ್ಲಿ ಪ್ರಕಟವಾದ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳ ಸಂಪುಟಗಳು ಈ ದುಡಿಮೆಯನ್ನು ಉಳಿಸಿದವು. ಎಲ್ಲ ಶಾಸನಗಳ ವಾರವೂ ಸರಿಹೊಂದುತ್ತದೆ ಎಂದಲ್ಲ. ತಿಥಿ ನಡುಹಗಲಲ್ಲಿ ಬದಲಾದದ್ದಿರಬಹುದು, ದಾನ ಕೊಟ್ಟು ಎಷ್ಟೋ ದಿನದ ಮೇಲೆ ಕಲ್ಲು ಕಂಡರಿಸಿದ್ದಿರಬಹುದು, ತಾಮ್ರಪಟವೇ ಕೂಟವಾಗಿರಬಹುದು. ವಾರ ತಾಳೆಯಾಗದ ಒಂದೇ ಕಾರಣಕ್ಕೆ ಶಾಸನವನ್ನು ಸುಳ್ಳೆನ್ನುವುದು ಆತುರದ ಮಾತು.

ವಾರ ಸಾಕ್ಷಿಯಾಗಲು ಕಾರಣ ಅದರ ಎಡೆಬಿಡದ ಓಟ. ಪೋಪ್ 13ನೆಯ ಗ್ರೆಗರಿ ಕ್ಯಾಲೆಂಡರ್ ತಿದ್ದಿದಾಗ 1582ರ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು, ಆದರೆ ಗುರುವಾರದ ಮರುದಿನ ಶುಕ್ರವಾರವೇ. ಬ್ರಿಟನ್ 1752ರಲ್ಲಿ ಹನ್ನೊಂದು ದಿನ ಹಾರಿದಾಗಲೂ ಬುಧವಾರದ ನಂತರ ಗುರುವಾರ ಬಂತು. ಅಪವಾದವಿರುವುದು ಅಂತರರಾಷ್ಟ್ರೀಯ ದಿನರೇಖೆಯ ಬದಿಯಲ್ಲಿ ಮಾತ್ರ. ಸಮೋವಾ ದ್ವೀಪದವರು ರೇಖೆಯ ಆಚೆಯಿಂದ ಈಚೆಗೆ ಬರಲು 2011ರ ಡಿಸೆಂಬರ್ 30ರ ಶುಕ್ರವಾರವನ್ನೇ ಬಿಟ್ಟುಬಿಟ್ಟರು. ಗುರುವಾರ ಮಲಗಿದವರು ಶನಿವಾರ ಎದ್ದರು. ಇನ್ನೊಂದು ಸ್ವಾರಸ್ಯ: ಗ್ರೆಗರಿಯ ಪದ್ಧತಿಯ 400 ವರ್ಷಗಳಲ್ಲಿ 1,46,097 ದಿನಗಳಿವೆ. ಅದು ಶೇಷವಿಲ್ಲದೆ 20,871 ವಾರ.

ಹೆಸರುಗಳು

ಕನ್ನಡದಲ್ಲಿ ವಾರದ ಹೆಸರುಗಳು ಊರಿಂದೂರಿಗೆ ಬದಲಾಗುತ್ತವೆ. ಪಠ್ಯಪುಸ್ತಕದ ‘ಭಾನುವಾರ’ ಉತ್ತರ ಕರ್ನಾಟಕದಲ್ಲಿ ರವಿವಾರ, ಕರಾವಳಿಯಲ್ಲಿ ಆದಿತ್ಯವಾರ, ಹಳ್ಳಿಯ ಬಾಯಲ್ಲಿ ಆಯ್ತವಾರ, ಐತಾರ. ಬೃಹಸ್ಪತಿವಾರ ಸವೆದು ಬೇಸ್ತವಾರವಾಗಿದೆ; ಶಾಲೆಗೆ ಹೋದವರು ಅದನ್ನು ಬಿಟ್ಟು ಗುರುವಾರ ಎನ್ನುತ್ತಾರೆ, ಹಳೇ ಮೈಸೂರಿನ ಹಿರಿಯರು ಬಿಟ್ಟಿಲ್ಲ. ತುಳುವಿನಲ್ಲಿ ಐತಾರ, ಸೋಮಾರ, ಅಂಗಾರೆ, ಬುದಾರ, ಗುರುವಾರ, ಸುಕ್ರಾರ, ಸನಿಯಾರ. ಇಲ್ಲಿ ‘ಅಂಗಾರೆ’ ಗಮನಾರ್ಹ. ಮಂಗಳನ ಇನ್ನೊಂದು ಹೆಸರು ಅಂಗಾರಕ. ಶಾಸನಗಳಲ್ಲಿ ಸಿಗುವ ಅಂಗಾರಕವಾರ, ಕನ್ನಡದ ಆಡುಮಾತಿನಲ್ಲಿ ಬಹುಮಟ್ಟಿಗೆ ಮರೆಯಾದದ್ದು, ತುಳುವಿನಲ್ಲಿ ದಿನನಿತ್ಯದ ಮಾತಾಗಿ ಬದುಕಿದೆ. ಕನ್ನಡದಲ್ಲಿ ಅದು ಉಳಿದಿರುವುದು ಅಂಗಾರಕ ಸಂಕಷ್ಟಿಯಲ್ಲಿ.

ದೇವರು, ಎತ್ತು, ಸಂತೆ

ಆಕಾಶದಲ್ಲಿ ಬೇರಿಲ್ಲದ ಈ ಅಳತೆ ನೆಲದಲ್ಲಿ ಆಳವಾಗಿ ಬೇರು ಬಿಟ್ಟಿತು. ಸೋಮವಾರ ಶಿವನಿಗೆ, ಮಂಗಳವಾರ ಊರಮ್ಮನಿಗೆ, ಗುರುವಾರ ಮಂತ್ರಾಲಯದ ರಾಯರಿಗೆ, ಶುಕ್ರವಾರ ಲಕ್ಷ್ಮಿಗೆ ಮತ್ತು ಮಸೀದಿಯ ಜುಮ್ಮಾಕ್ಕೆ, ಶನಿವಾರ ತಿಮ್ಮಪ್ಪ, ಹನುಮಪ್ಪ, ಶನಿಮಹಾತ್ಮರಿಗೆ, ಭಾನುವಾರ ಚರ್ಚಿಗೆ. ಯಾರೂ ಕೂತು ಹಂಚಿದ್ದಲ್ಲ, ಆದರೂ ಹಂಚಿಕೆ ಸಾಕಷ್ಟು ಚೊಕ್ಕಟವಾಗಿದೆ. ಸಾಮಾನ್ಯ ವಾರಕ್ಕೆ ಮಾಸ ಕೂಡಿದರೆ ಅದರ ತೂಕ ಹೆಚ್ಚುತ್ತದೆ: ಶ್ರಾವಣ ಶನಿವಾರ, ಕಾರ್ತಿಕ ಸೋಮವಾರ, ಮೈಸೂರಿನ ಚಾಮುಂಡಿಬೆಟ್ಟಕ್ಕೆ ಜನ ನುಗ್ಗುವ ಆಷಾಢ ಶುಕ್ರವಾರ. ತಿಥಿ ಕೂಡಿದರೆ ಇನ್ನೂ ಅಪರೂಪ. ಸಂಕಷ್ಟಿ ವರ್ಷಕ್ಕೆ ಹನ್ನೆರಡೋ ಹದಿಮೂರೋ ಸಲ ಬರುತ್ತದೆ; ಅದು ಮಂಗಳವಾರವೇ ಬೀಳುವುದು ಏಳರಲ್ಲಿ ಒಂದು ಪಾಲು, ಸರಾಸರಿ ವರ್ಷಕ್ಕೆ ಎರಡಕ್ಕೂ ಕಡಿಮೆ. ತಲಕಾಡಿನ ಪಂಚಲಿಂಗ ದರ್ಶನಕ್ಕೆ ಕಾರ್ತಿಕ ಸೋಮವಾರದ ಜೊತೆ ತಿಥಿ-ನಕ್ಷತ್ರಗಳ ವಿಶೇಷ ಯೋಗ ಬೇಕಾದ್ದರಿಂದ ವರ್ಷಗಟ್ಟಲೆ ಕಾಯಬೇಕು. 2013ರಲ್ಲಿ ನಡೆದದ್ದು ಮತ್ತೆ ನಡೆದದ್ದು 2020ರಲ್ಲಿ. ಬೇರೆ ಬೇರೆ ಹಲ್ಲುಗಳ ಗಾಲಿಗಳು ಒಂದೇ ಗುರುತಿಗೆ ಬಂದು ನಿಲ್ಲುವ ಹಾಗೆ ಇದು.

ಕರ್ನಾಟಕದ ಹಲವು ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ, ಅದು ಬಸವಣ್ಣನ ದಿನ. ಬಿತ್ತನೆಯ ಹದ ತಪ್ಪುತ್ತದೆಂದರೂ ಬಿಡದ ಮನೆಗಳಿದ್ದವು. ಮನುಷ್ಯನ ವಾರದ ರಜೆ ಇದಕ್ಕಿಂತ ಬಹಳ ಈಚಿನದು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ ಭಾನುವಾರದ ಬಿಡುವು ಸಿಕ್ಕಿದ್ದು 1890ರಲ್ಲಿ. ಎತ್ತಿಗೆ ದೇವರ ಹೆಸರಿನಲ್ಲಿ ದೊರೆತದ್ದನ್ನು ಆಳು ಚಳವಳಿ ಮಾಡಿ ಪಡೆಯಬೇಕಾಯಿತು.

ನಂಬಿಕೆಗಳ ಪಟ್ಟಿ ದೊಡ್ಡದು. ಮಂಗಳವಾರ, ಶುಕ್ರವಾರ ಮನೆಯಿಂದ ದುಡ್ಡು ಹೊರಗೆ ಕೊಡಬಾರದು. ಸೋಮ-ಶನಿ ಮೂಡಣಕ್ಕೆ ಹೊರಡಬಾರದು, ಮಂಗಳ-ಬುಧ ಬಡಗಣಕ್ಕೆ. ಹಗಲನ್ನು ಎಂಟು ಭಾಗ ಮಾಡಿ ಒಂದನ್ನು ರಾಹುಕಾಲವೆಂದು ಎತ್ತಿಡುತ್ತಾರೆ. ಸೋಮವಾರ ಅದು ಎರಡನೆಯ ಭಾಗ, ಭಾನುವಾರ ಎಂಟನೆಯದು. ಗೋಡೆ ಕ್ಯಾಲೆಂಡರಿನಲ್ಲಿ ಸೋಮವಾರ ಏಳೂವರೆಯಿಂದ ಒಂಬತ್ತು ಎಂದು ಅಚ್ಚಾಗಿರುವುದು ಸೂರ್ಯ ವರ್ಷವಿಡೀ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆಂಬ ಲೆಕ್ಕದ ಮೇಲೆ. ನಂಬುವವರಾದರೂ ಸೂರ್ಯೋದಯ ನೋಡಿ ಎಣಿಸಬೇಕಿತ್ತು.

ಸಂತೆಯಲ್ಲಿ ‘ಸರದಿ’ ಎಂಬ ಮೂಲ ಅರ್ಥ ಬಯಲಾಗಿ ಕಾಣುತ್ತದೆ. ಒಂದು ಸೀಮೆಯ ಊರುಗಳು ವಾರದ ದಿನಗಳನ್ನು ತಮ್ಮೊಳಗೆ ಹಂಚಿಕೊಂಡಿರುತ್ತವೆ. ಬಳೆ, ಬಟ್ಟೆ, ಮೆಣಸಿನಕಾಯಿ, ಒಣಮೀನಿನ ವ್ಯಾಪಾರಿಗಳು ಇಂದು ಈ ಊರು, ನಾಳೆ ಆ ಊರು ಎಂದು ಸುತ್ತಿ ಎಂಟನೆಯ ದಿನ ಮೊದಲಿನ ಜಾಗದಲ್ಲೇ ಗಂಟು ಬಿಚ್ಚುತ್ತಾರೆ. ಅಕ್ಕಪಕ್ಕದ ಎರಡು ಊರಿಗೆ ಒಂದೇ ವಾರ ಸಂತೆಯಾದರೆ ಒಂದು ಸೊರಗುತ್ತದೆ. ಕೊಡಗಿನ ಸೋಮವಾರಪೇಟೆ ಮತ್ತು ಶನಿವಾರಸಂತೆಗಳ ಹೆಸರಿನಲ್ಲೇ ಆ ದಿನ ಕೂತಿದೆ. ಪುಣೆಯಲ್ಲಿ ಏಳೂ ವಾರಗಳ ಹೆಸರಿನ ಪೇಟೆಗಳಿವೆ. ಹಳ್ಳಿಯ ಲೆಕ್ಕ ಸಂತೆಯಿಂದ ಸಂತೆಗೆ: ಕೂಲಿಯ ಬಟವಾಡೆ ಸಂತೆಯ ಹಿಂದಿನ ದಿನ, ಕೈಸಾಲ ಬರುವ ಸಂತೆಗೆ ವಾಪಸು. ಇಂದು ಸ್ವಸಹಾಯ ಸಂಘಗಳ ಉಳಿತಾಯ, ಕಿರುಸಾಲದ ಕಂತು ಇವೂ ವಾರಕ್ಕೇ ಕಟ್ಟಿಕೊಂಡಿವೆ. ದಿನಗೂಲಿಯ ಮನೆಗೆ ತಿಂಗಳ ಕಂತಿಗಿಂತ ವಾರದ ಕಂತು ಹಗುರ ಎಂಬುದು ಸಾಲ ಕೊಡುವವರ ಎಣಿಕೆ. ಮೂರು ನಾಲ್ಕು ಕಡೆ ಸಾಲ ಮಾಡಿದ ಮನೆಗೆ ಏಳು ದಿನ ಎಷ್ಟು ಬೇಗ ತಿರುಗುತ್ತದೆ ಎಂಬುದು ಸಾಲ ಪಡೆದವರಿಗೆ ಗೊತ್ತು. ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ವಾರಾನ್ನ

ಬಡ ವಿದ್ಯಾರ್ಥಿ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡಿ ಓದು ಮುಂದುವರಿಸುವ ಏರ್ಪಾಡು ವಾರಾನ್ನ. ಹುಡುಗ ಪೇಟೆಗೆ ಬಂದೊಡನೆ ಮಾಡುತ್ತಿದ್ದ ಮೊದಲ ಕೆಲಸ ‘ವಾರ ಹಿಡಿಯುವುದು’. ಏಳು ಮನೆ ಒಪ್ಪಿದರೆ ವಾರ ತುಂಬಿತು. ಐದೇ ಸಿಕ್ಕರೆ ಎರಡು ದಿನ ಅವಲಕ್ಕಿ, ನೀರು, ಇಲ್ಲವೇ ಉಪವಾಸ. ಕೊಡುವ ಮನೆಗೆ ವಾರಕ್ಕೊಂದು ಎಲೆ ಹೆಚ್ಚು, ಭಾರವಲ್ಲ. ಉಣ್ಣುವವನಿಗೆ ಅದೇ ಬದುಕು. ಭಾರವೆಲ್ಲ ಮುಜುಗರದಲ್ಲಿತ್ತು: ಆ ಮನೆಯಲ್ಲಿ ಹಬ್ಬವೋ ಸೂತಕವೋ ನೆಂಟರೋ ಬಂದರೆ ಬಾಗಿಲಿನಿಂದಲೇ ಹಿಂದಿರುಗಬೇಕು, ಬಡಿಸುವವರ ಮುಖ ನೋಡಿ ಎರಡನೆಯ ಸಲ ಅನ್ನ ಕೇಳಬೇಕೋ ಬೇಡವೋ ತೀರ್ಮಾನಿಸಬೇಕು. ಎಸ್. ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲಿ ಇಂಥ ವಿದ್ಯಾರ್ಥಿ ಜೀವನ ಬರುತ್ತದೆ. ಹೆಚ್ಚಾಗಿ ಬ್ರಾಹ್ಮಣ ಮನೆಗಳ ಒಳಗೇ ನಡೆದ ಪದ್ಧತಿ ಇದು, ಎಲ್ಲ ಜಾತಿಯ ಬಡವರಿಗೂ ತೆರೆದದ್ದಲ್ಲ. 20ನೆಯ ಶತಮಾನದಲ್ಲಿ ಮಠಗಳ ಪ್ರಸಾದ ನಿಲಯಗಳು, ಸಮುದಾಯಗಳ ವಿದ್ಯಾರ್ಥಿನಿಲಯಗಳು, ಆಮೇಲೆ ಸರ್ಕಾರಿ ಹಾಸ್ಟೆಲುಗಳು ಬಂದ ಮೇಲೆ ವಾರಾನ್ನ ಮಾತಾಗಿ ಮಾತ್ರ ಉಳಿದಿದೆ.

ಸರದಿಯ ಅರ್ಥ ಇನ್ನೆರಡು ಕಡೆ ಉಳಿದುಕೊಂಡಿದೆ. ಕಾಲುವೆಯ ನೀರನ್ನು ಗದ್ದೆಗಳಿಗೆ ಪಾಳಿಯಂತೆ ಹಂಚುವುದು ‘ವಾರಬಂದಿ’. ಪಂಜಾಬ್, ಹರಿಯಾಣಗಳಲ್ಲಿ ಏಳು ದಿನದ 168 ಗಂಟೆಗಳನ್ನೇ ಹಿಡುವಳಿಯ ಅಳತೆಯಂತೆ ನಿಮಿಷ ಲೆಕ್ಕದಲ್ಲಿ ಹಂಚುತ್ತಾರೆ. ನಮ್ಮ ನಾರಾಯಣಪುರ ಎಡದಂಡೆ ಕಾಲುವೆಯ ರೈತರಿಗೂ ಈ ಪದ ಚಿರಪರಿಚಿತ, ಕೊನೆಯಂಚಿನವರಿಗೆ ಜಗಳದ ವಿಷಯ. ಇನ್ನೊಂದು ಪಂಢರಪುರದ ‘ವಾರಿ’: ಆಷಾಢ, ಕಾರ್ತಿಕ ಏಕಾದಶಿಗಳಿಗೆ ತಪ್ಪದೆ ಮತ್ತೆ ಮತ್ತೆ ಹೋಗುವ ಯಾತ್ರೆ. ಅದನ್ನು ಮಾಡುವವರು ವಾರಕರಿಗಳು.

ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ

ಅವಧಿ ಹೇಳುವುದರಲ್ಲಿ ಕನ್ನಡ ಇಂಗ್ಲಿಷಿಗಿಂತ ನಿಖರ ಎನ್ನಬೇಕು. ಇಂಗ್ಲಿಷಿನ ‘ಬೈವೀಕ್ಲಿ’ ವಾರಕ್ಕೆ ಎರಡು ಸಲವೂ ಆಗಬಹುದು, ಎರಡು ವಾರಕ್ಕೆ ಒಂದು ಸಲವೂ ಆಗಬಹುದು. ಆ ಭಾಷೆಯ ನಿಘಂಟುಗಳೇ ಎರಡನ್ನೂ ಒಪ್ಪುತ್ತವೆ. ಕನ್ನಡದಲ್ಲಿ ‘ವಾರಕ್ಕೆರಡು ಸಲ’ ಒಂದು, ‘ಎರಡು ವಾರಕ್ಕೊಮ್ಮೆ’ ಇನ್ನೊಂದು. ದ್ವೈಮಾಸಿಕವೆಂದರೆ ಎರಡು ತಿಂಗಳಿಗೊಮ್ಮೆ, ದ್ವೈವಾರ್ಷಿಕವೆಂದರೆ ಎರಡು ವರ್ಷಕ್ಕೊಮ್ಮೆ. ವರ್ಷಕ್ಕೆರಡು ಸಲದ್ದು ಅರ್ಧವಾರ್ಷಿಕ. ಇಂಗ್ಲಿಷ್ ಸುತ್ತೋಲೆಗಳನ್ನು ಕನ್ನಡಕ್ಕೆ ತರುವವರು ಈ ಸೌಲಭ್ಯ ಬಳಸಿಕೊಂಡು ಮೂಲದವರನ್ನು ಒಮ್ಮೆ ಕೇಳಿಬಿಡುವುದು ಲೇಸು.

ಒಂದು ತೊಡಕು ಮಾತ್ರ ಪಾಕ್ಷಿಕದಲ್ಲಿದೆ. ಪಕ್ಷ ಎಂದರೆ ಹದಿನೈದು ತಿಥಿ, ಸರಾಸರಿ ಹದಿನಾಲ್ಕು ಮುಕ್ಕಾಲು ದಿನ; ಎರಡು ವಾರವೆಂದರೆ ಹದಿನಾಲ್ಕೇ ದಿನ. ತಿಂಗಳ 1 ಮತ್ತು 15ನೆಯ ತಾರೀಕಿಗೆ ಬರುವ ಪತ್ರಿಕೆ ವರ್ಷಕ್ಕೆ 24 ಸಂಚಿಕೆ, ಎರಡು ವಾರಕ್ಕೊಮ್ಮೆ ಬರುವುದು 26. ಚಂದಾದಾರರಿಗೂ ಸಂಬಳದವರಿಗೂ ಈ ಎರಡರ ವ್ಯತ್ಯಾಸ ಸಣ್ಣದಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಪಾಕ್ಷಿಕವಾಗಿತ್ತು. ಆದರೆ ಕನ್ನಡಿಗರ ಓದಿನ ಲಯವನ್ನು ಕಟ್ಟಿದವು ವಾರಪತ್ರಿಕೆಗಳು: 1921ರ ‘ಕರ್ಮವೀರ’, 1965ರ ‘ಸುಧಾ’, 1980ರ ‘ಲಂಕೇಶ್ ಪತ್ರಿಕೆ’. ಧಾರಾವಾಹಿ ಕಾದಂಬರಿಯ ಪಾತ್ರ ಬಾವಿಯ ಕಟ್ಟೆಯ ಮೇಲೆ ನಿಂತಿರುವಾಗ ‘ಮುಂದುವರಿಯುವುದು’ ಎಂದು ಬರೆದು ಏಳು ದಿನ ಕಾಯಿಸುವ ಕಲೆ ಇವುಗಳಿಂದ ಬೆಳೆಯಿತು.

ಆಡುಮಾತು ವಾರವನ್ನು ‘ಎಂಟು ದಿನ’ ಎನ್ನುತ್ತದೆ, ಎರಡು ವಾರವನ್ನು ‘ಹದಿನೈದು ದಿನ’ ಎನ್ನುತ್ತದೆ. ಹೊರಟ ದಿನವನ್ನೂ ಮುಟ್ಟಿದ ದಿನವನ್ನೂ ಸೇರಿಸಿ ಎಣಿಸುವ ಹಳೆಯ ರೂಢಿ ಇದು; ಮರಾಠಿಯ ಆಠವಡಾ ಎಂಟರಿಂದಲೇ ಬಂದದ್ದು, ಫ್ರೆಂಚರು ಮತ್ತು ಜರ್ಮನರು ಕೂಡ ವಾರಕ್ಕೆ ಎಂಟು ದಿನ ಎನ್ನುವುದುಂಟು. ಕರಾರು, ನೋಟಿಸುಗಳಲ್ಲಿ ಮಾತ್ರ ಇದನ್ನು ನೆಚ್ಚಬಾರದು. ‘ವಾರಾಂತ್ಯ’ ಈಚಿನ ಟಂಕ. ಶನಿವಾರವೂ ಕಚೇರಿ ಮುಚ್ಚುವ ಉದ್ಯೋಗಗಳು ಬರುವವರೆಗೆ ಕನ್ನಡಕ್ಕೆ ಅದರ ಅಗತ್ಯ ಬಿದ್ದಿರಲಿಲ್ಲ. ವಾರದ ಆರಂಭ ಪಂಚಾಂಗದಲ್ಲಿ ರವಿಯಿಂದ, ಅಂತರರಾಷ್ಟ್ರೀಯ ಮಾನಕದಲ್ಲಿ ಸೋಮವಾರದಿಂದ.

ಹೋಲುವ ಬೇರೆ ಪದಗಳು

ಗೇಣಿಯ ಮಾತಿನಲ್ಲಿ ‘ವಾರ’ ಎಂದರೆ ಬೆಳೆಯ ಪಾಲು. ಜಮೀನನ್ನು ‘ವಾರಕ್ಕೆ ಕೊಡುವುದು’ ಎಂದರೆ ಏಳು ದಿನಕ್ಕೆ ಕೊಡುವುದಲ್ಲ, ಬೆಳೆದದ್ದರಲ್ಲಿ ಒಡೆಯ ಮತ್ತು ಉಳುವವನು ಪಾಲು ಮಾಡಿಕೊಳ್ಳುವುದು. ತಮಿಳುನಾಡಿನ ಕಂದಾಯ ದಾಖಲೆಗಳ ಮೇಲ್ವಾರ, ಕುಡಿವಾರಗಳೂ ಇವೇ. 1974ರ ಭೂಸುಧಾರಣೆಯ ನಂತರ ಈ ಅರ್ಥ ಕರ್ನಾಟಕದಲ್ಲಿ ಮಸುಕಾಗಿದೆ. ಜಿಲ್ಲಾವಾರು, ಜಾತಿವಾರು, ರೈತವಾರಿ ಇವುಗಳ ‘ವಾರು’, ‘ವಾರಿ’ ಪಾರಸಿಯ ಪ್ರತ್ಯಯ. ವಾರಸುದಾರ ಅರಬ್ಬಿಯಿಂದ ಬಂದವನು. ವಾರಗಿತ್ತಿ ಸರಿಸಮ ಎಂಬರ್ಥದ ಓರಗೆಗೆ ಸೇರಿದವಳು. ಮರಾಠಿಯ ನಊವಾರಿ ಸೀರೆಯ ವಾರ್ ಗಜದ ಅಳತೆ. ಇದಕ್ಕೆ ವಿರುದ್ಧವಾಗಿ, ರೂಪದಲ್ಲಿ ಹೋಲದ ‘ಹಫ್ತಾ’ ನಿಜವಾಗಿ ವಾರವೇ: ಪಾರಸಿಯಲ್ಲಿ ‘ಹಫ್ತ್’ ಎಂದರೆ ಏಳು. ಪ್ರತಿವಾರ ರೌಡಿಗೆ ಸಲ್ಲಿಸುವ ಕಪ್ಪಕ್ಕೆ ಕನ್ನಡದಲ್ಲಿ ಈ ಹೆಸರು ನಿಂತಿದೆ.

ದಿನಾಂಕದ ಜೊತೆ ವಾರವನ್ನೂ ಬರೆಯುವ ರೂಢಿ ಈಗ ಮದುವೆಯ ಕರೆಯೋಲೆ, ಜಾತ್ರೆಯ ಕರಪತ್ರಗಳಲ್ಲಿ ಉಳಿದಿದೆ. ಕಚೇರಿಯ ಪತ್ರ, ಶಂಕುಸ್ಥಾಪನೆಯ ಕಲ್ಲು, ಮೊಬೈಲ್ ಸಂದೇಶಗಳಲ್ಲಿ ಬಿಟ್ಟುಹೋಗುತ್ತಿದೆ. 05-06-2024 ಎಂದು ಬರೆದರೆ ಬೆಂಗಳೂರಿನವರಿಗೆ ಜೂನ್ 5, ಅಮೆರಿಕದ ಕನ್ನಡಿಗರಿಗೆ ಮೇ 6. ಮುಂದೆ ‘ಬುಧವಾರ’ ಎಂದು ಒಂದು ಪದ ಸೇರಿಸಿದರೆ ಅದು ಜೂನ್ 5 ಮಾತ್ರ, ಏಕೆಂದರೆ ಆ ವರ್ಷದ ಮೇ 6 ಸೋಮವಾರ. ದಿನಾಂಕ ಬರೆಯುವವರು ವಾರವನ್ನೂ ಬರೆಯಬೇಕು.